ಲೈನಿಂಗ್

ರೇಷ್ಮೆ ರವಿಕೆಗೆ ಲೈನಿಂಗ್ ಬೇಡ ಎಂದವರೆಲ್ಲ
ಮೊದಲ ಮದುವೆಯೂಟಕ್ಕೇ ಬೆವರಿ, ಕಂಕುಳು ಬಣ್ಣ ಬಿಟ್ಟು
ಮರಳಿ ನನ್ನ ಮೆಷಿನ್ನಿನ ಮುಂದೆ ಬಂದು ನಿಂತಿದ್ದಾರೆ.
ಎಂಬತ್ತು ರೂಪಾಯಿ ಉಳಿಸಲು ಹೋಗಿ
ಸಾವಿರದೈನೂರರ ಬಟ್ಟೆ ಕಳಕೊಂಡವರು.
ಅವರಿಗೆಲ್ಲ ಬುದ್ಧಿ ಹೇಳುವ ನಾನು
ಹನ್ನೊಂದು ಬೇಸಿಗೆ
ಲೈನಿಂಗ್ ಇಲ್ಲದ ಮನೆಯಲ್ಲಿ ಕೂತು ಹೊಲಿದೆ.

ಸೀಗೆಹಟ್ಟಿ. ಮಹಡಿಯ ಮೇಲೊಂದು ಶೀಟಿನ ಮನೆ.
ಶಿವಮೊಗ್ಗ ಅಂದರೆ ತಂಪು ಅನ್ನುವವರು
ಏಪ್ರಿಲ್ಲಿನ ಮಧ್ಯಾಹ್ನ ಎರಡಕ್ಕೆ ಬಂದು ನೋಡಲಿ:
ಕತ್ತರಿಯ ಕಿವಿ ಹಿಡಿದರೆ ಬೆರಳು ಚುರ್ ಎನ್ನುತ್ತಿತ್ತು,
ಮೆಷಿನ್ನಿನ ಎಣ್ಣೆ ನೀರಾಗಿ ಬಟ್ಟೆಗಿಳಿಯುತ್ತಿತ್ತು,
ಸೀಮೆಸುಣ್ಣದ ಗೆರೆ ಬೆವರಲ್ಲಿ ಅಳಿಸಿ
ಒಮ್ಮೆ ಯಾರದೋ ತೋಳು ಯಾರಿಗೋ ಹೋಯಿತು.
ಫ್ಯಾನು ಐದರಲ್ಲಿ. ಐದಾದರೇನು,
ಮೇಲಿನ ಬಿಸಿಯನ್ನೇ ಮೊಗೆದು ಮೊಗೆದು ಹಾಕುತ್ತಿತ್ತು,
ಸಾಕು ಎಂದರೂ ಬಡಿಸುವ ಬೀಗರ ಹಾಗೆ.

ಕಂತಿನಲ್ಲಿ ಕೂಲರ್ ತಂದೆವು.
ಮೂರು ದಿನ ಸ್ವರ್ಗ. ನಾಲ್ಕನೆಯ ದಿನ
ಮಡಿಸಿಟ್ಟ ಬಟ್ಟೆಯೆಲ್ಲ ಒದ್ದೆ ನಾಯಿಯ ವಾಸನೆ.
ಕಂತು ಮುಗಿಯುವ ಮೊದಲೇ ಕೂಲರ್ ಮಾರಿದೆವು.

ನನ್ನ ಗಂಡ ತಿಪ್ಪೇಶ
ಮೀನು ಮಾರ್ಕೆಟ್ಟಿನಲ್ಲಿ ಲೋಡು ಇಳಿಸುವವನು.
ಒಂದು ಬೆಳಿಗ್ಗೆ ಟೀ ಲೋಟ ಹಿಡಿದು, ಯಾಕೋ ಸಿಟ್ಟಿನಲ್ಲಿ ಅಂದ:
'ರಾತ್ರಿಯಿಡೀ ಘಾಟಿ ಹತ್ತಿ ಬರುತ್ತೆ ಮಲ್ಪೆಯಿಂದ.
ಪೆಟ್ಟಿಗೆ ಬಿಚ್ಚಿದರೆ ಐಸು ಇನ್ನೂ ಹರಳು ಹರಳು.
ಸತ್ತ ಬಂಗುಡೆಗಿಂತ ಕಡೆಯಾದೆವಾ ನಾವು?'

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.
ಪೋಣಿಸುತ್ತಲೇ ಇದ್ದೆ.

ನಲವತ್ತಾರು ಥರ್ಮಾಕೋಲ್ ಮುಚ್ಚಳ,
ಅವನ ಸೈಕಲ್ಲಿನ ಹಿಂದೆ, ಹದಿನೈದು ದಿನ.
ಸೋಪು, ಹುಣಸೆ ನೀರು, ಹಿಂಡಿದ ನಿಂಬೆಯ ಸಿಪ್ಪೆ,
ಏನು ಹಾಕಿ ಉಜ್ಜಿದರೂ ಓಣಿಯ ಬೆಕ್ಕುಗಳಿಗೆ ಮೋಸವಾಗಲಿಲ್ಲ.
ಕರೆಂಟಿನ ಅನ್ವರ್ ಬಂದು ನೋಡಿ ತಲೆಯಾಡಿಸಿದ:
'ಇದು ಬೆಂಕಿಗೆ ಬೆಣ್ಣೆ ಅಕ್ಕ. ಒಲೆ ಕಡೆ ಬೇಡವೇ ಬೇಡ.'
ವೈರುಗಳನ್ನೆಲ್ಲ ಪೈಪಿನೊಳಗೆ ತೂರಿಸಿಕೊಟ್ಟ.
ಶೀಟಿಗೂ ಮುಚ್ಚಳಕ್ಕೂ ನಡುವೆ ಒಂದು ಗೇಣು ಬಿಡಿ ಎಂದ.
ಅದನ್ನು ನನಗೆ ಹೇಳಬೇಕೆ?
ಮೈಗಂಟಿದ ಬಟ್ಟೆಯಲ್ಲಿ ಯಾರು ಉಸಿರಾಡಿಯಾರು.
ಎರಡು ತುದಿಗೂ ಕಂಡಿ, ಕಂಡಿಗೆ ಸೊಳ್ಳೆಪರದೆಯ ತುಂಡು.
ಶೀಟಿನ ಮೇಲ್ಮೈಗೆ ಎರಡು ಕೋಟು ಸುಣ್ಣ, ಗೋಂದು ಕಲಸಿ.

ಆಮೇಲೆ ಚೀಲ ಬಿಚ್ಚಿದೆ:
ಹನ್ನೊಂದು ವರ್ಷದ ಕಟ್ ಪೀಸುಗಳು.
ನಿಂತುಹೋದ ಮದುವೆಯ ಗಿಳಿಹಸಿರು,
ಬಸುರಾಗಿ ಮೂರು ಸಲ ಬಿಚ್ಚಿಸಿಕೊಂಡವಳ ನೇರಳೆ,
ದುಡ್ಡು ಕೊಡದೆ ಭದ್ರಾವತಿಗೆ ವರ್ಗವಾದ ಟೀಚರಮ್ಮನ ಬಿಳಿ.
ಎಲ್ಲ ಕೂಡಿಸಿ ಹತ್ತಡಿಗೆ ಹನ್ನೆರಡಡಿ,
ಥರ್ಮಾಕೋಲಿನ ಕೆಳಗೆ ಮನೆಯ ಒಳಮೈ ಹೊಲಿದೆ.

ಮಗಳು ಸ್ಫೂರ್ತಿ ಶಾಲೆಯ ಥರ್ಮಾಮೀಟರ್ ಕೇಳಿ ತಂದಿದ್ದಳು.
ಮೊದಲು, ಆಮೇಲೆ ಎಂದು ಬರೆದುಕೊಂಡಳು. ಐದೂವರೆ ಡಿಗ್ರಿ.
ನನಗೆ ಆ ಲೆಕ್ಕ ಬೇಕಿರಲಿಲ್ಲ.
ಮೇ ತಿಂಗಳು, ಬೆಳಗಿನ ಜಾವ,
ನಿದ್ದೆಯಲ್ಲೇ ಅವಳ ಕೈ ತಡಕಾಡಿ
ಕಾಲ ಬಳಿಯ ಹೊದಿಕೆಯನ್ನು ಎಳೆದುಕೊಂಡಿತು.
ಎದ್ದು ಕೂತು ಅದನ್ನೇ ನೋಡಿದೆ, ಹಾಲಿನವನು ಕೂಗುವವರೆಗೆ.

ಮನೆಯ ಓನರು ಗೋವಿಂದರಾಜು ಬಂದರು,
ಮೊಳೆ ಹೊಡೆದದ್ದಕ್ಕೆ ಬೈಯಲು.
ಏದುಸಿರು ಬಿಡುತ್ತ ಕೂತರು. ಮಜ್ಜಿಗೆ ಕುಡಿದರು.
ಬೈಗುಳ ಅರ್ಧದಲ್ಲಿರುವಾಗ ಕುರ್ಚಿಯಲ್ಲೇ ಗೊರಕೆ.
ನಾಲ್ಕು ಗಂಟೆಗೆ ಎದ್ದು, ಬಾಯಿ ಒರೆಸಿಕೊಂಡು,
'ಮನೆ ಈಗ ಮೊದಲಿನ ಹಾಗಿಲ್ಲವಲ್ಲ,
ಬರುವ ತಿಂಗಳಿಂದ ಮುನ್ನೂರು ಜಾಸ್ತಿ ಕೊಡಮ್ಮ' ಎಂದರು.

ನಾನು ಪೆಡಲ್ ನಿಲ್ಲಿಸಲಿಲ್ಲ.
'ಶೀಟು ನಿಮ್ಮದು ಸಾರ್, ಲೈನಿಂಗ್ ನನ್ನದು.
ಕಚ್ಚಾ ಹೊಲಿಗೆ ಅದು.
ಒಂದು ದಾರ ಎಳೆದರೆ ಪೂರ್ತಿ ಬರುತ್ತೆ.'

ಅವರು ಮೇಲೆ ನೋಡಿದರು.
ಗಿಳಿಹಸಿರು, ನೇರಳೆ, ಬಿಳಿ.
ಅದರ ಕೆಳಗೆ ಫ್ಯಾನು
ಎರಡರಲ್ಲಿ ತಿರುಗುತ್ತಿತ್ತು.