ಹಿಂದಿನ ಅನುಭವ

ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂದಿತ್ತು.
‘ಇಲ್ಲ’ ಎಂದು ಬರೆದೆ.

ಕೋಡಿಬಾಗದ ಇಳಿತದಲ್ಲಿ ಈಗ ಹನ್ನೊಂದು ದೇಶಗಳ ಮೊಣಕಾಲು.
ಪೈಪಿನ ಚೌಕ, ಅದರೊಳಗೆ ಎಷ್ಟು ಬಳಚು, ಎಣಿಸಿ.
ಲ್ಯಾಟಿನ್ ಹೆಸರು ನನ್ನ ನಾಲಿಗೆಗೆ ಮರಳಿನ ಹಾಗೆ.

ಎಸ್ತೋನಿಯಾದ ಲೀಸ್ ಮೆಲ್ಲಗೆ ಕೇಳಿದಳು:
ಅಗೆಯದೆ ಹೇಗೆ ಗೊತ್ತು ನಿನಗೆ, ಇಲ್ಲಿವೆ ಅಂತ?
ಹಿಮ್ಮಡಿ, ಅಂದೆ. ಇಂಗ್ಲಿಷಿನಲ್ಲಿ ಅದಕ್ಕೇನೋ,
ತೋರಿಸಿದೆ. ಬೂಟು ಬಿಚ್ಚಿದಳು.

ಅಷ್ಟರಲ್ಲಿ ಅಳಿವೆಯ ಆಚೆ ಆಯಿ, ಸೊಂಟದವರೆಗೆ ನೀರು,
ಬುಟ್ಟಿ ತೇಲಿಬಿಟ್ಟು ಕಾಲಲ್ಲೇ ಹುಡುಕುತ್ತಿದ್ದಳು.
ಯಾರವರು, ಸರ್ ಕೇಳಿದರು.
ಬಾಯಿಗೆ ಬಂದ ‘ಗೊತ್ತಿಲ್ಲ’ವನ್ನು ನುಂಗಿ
ಕೂಗಿದೆ,
ನೀರಿನಾಚೆ ಮುಟ್ಟುವ ಹಾಗೆ, ನಮ್ಮ ಮಾತಲ್ಲಿ.

ಅವಳು ತಿರುಗುವುದನ್ನು ಎಲ್ಲರೂ ನೋಡಿದರು.
ನನಗೆ ಚೌಕದಲ್ಲಿ ಎಷ್ಟಾಗಿತ್ತು ಮರೆತು
ಮತ್ತೆ ಒಂದರಿಂದ ಎಣಿಸಿದೆ.