ಮೊರೆಟ್ಟಾಳ ಹಿಂಗಾಲು

ಏಳೇ ಮೊರೆಟ್ಟಾ, ಏಳು.
ಲ್ಯಾಬಿನವರ ಕಡತದಲ್ಲಿ ನೀನು ಹದಿನಾಲ್ಕು,
ಕಿವಿಗೆ ಹಳದಿ ಬಿಲ್ಲೆ.
ನನಗೆ ಮಾತ್ರ ಮೊರೆಟ್ಟಾ, ಮೂತಿ ಕಪ್ಪಗಿರುವುದರಿಂದ.
ಲಾಮೋನೆ ಕಣಿವೆಯ ಮಂಜು ಇನ್ನೂ ಹರಿದಿಲ್ಲ,
ದ್ರಾಕ್ಷಿತೋಟದ ಕಂಬಗಳು ಅರ್ಧಕ್ಕೇ ಮುಗಿದಿವೆ.
ಎದ್ದು ನಾಲ್ಕು ಹೆಜ್ಜೆ ಹಾಕು, ನೋಡೋಣ.

ನಿನ್ನ ಹಿಂಗಾಲಿನೊಳಗೆ ಒಂದು ಬೆತ್ತವಿದೆ, ಗೊತ್ತೇನು?
ಬೋರ್ನಿಯೋದ ಕಾಡಲ್ಲಿ ಕೊಕ್ಕೆಮುಳ್ಳು ಊರಿ ಊರಿ
ಕಂಡವರ ಮರ ಹತ್ತಿದ ಬಳ್ಳಿ.
ಹಡಗಿನಲ್ಲಿ ಬಂತು, ಕುರ್ಚಿಯಾಗಬೇಕಿತ್ತು.
ಡಾಕ್ಟರ್ ನೀವೆಸ್ ಅದನ್ನು ಹೆಬ್ಬೆರಳುದ್ದ ಕೊಯ್ದು
ಗಾಳಿಯಿಲ್ಲದ ಕುಲುಮೆಯಲ್ಲಿ ಸುಟ್ಟಳು.
ಬೂದಿಯಾಗಬಾರದು, ಇದ್ದಿಲಾಗಬೇಕು.
ಆಮೇಲೆ ಸುಣ್ಣದ ಹಬೆ, ಆಮೇಲೆ ರಂಜಕದ ನೀರು,
ಹತ್ತು ದಿನ.
ಹೊರಬಂದದ್ದು ಬಿಳೀ ತುಂಡು, ತಟ್ಟಿದರೆ ಪಿಂಗಾಣಿಯ ಸದ್ದು.
ಬಳ್ಳಿಯ ಮೈ ಹೋಗಿತ್ತು,
ಬಳ್ಳಿ ನೀರೇರಿಸಿದ ದಾರಿಗಳು ಮಾತ್ರ ಹಾಗೇ ಇದ್ದವು,
ಕೂದಲಿಗಿಂತ ಸಣ್ಣ ಸಾವಿರ ದಾರಿ.
ಊರು ಖಾಲಿ, ಓಣಿಗಳಿವೆ, ಅಂದಳು ನೀವೆಸ್.
ಆ ಓಣಿಗಳಲ್ಲಿ ಈಗ ನಿನ್ನ ರಕ್ತ ಓಡಾಡುತ್ತಿದೆ.

ನಾನು ಕೇಳಿದೆ: ಯಾವ ಮರ ಇದು?
ಅವಳು ಹೆಸರು ಹೇಳಿದಳು.
ಬಕೆಟ್ಟು ಕೆಳಗಿಟ್ಟೆ.

ನನಗೆ ಬೆತ್ತದ ಪರಿಚಯ ಇದೆ ಮೊರೆಟ್ಟಾ.
ಗುಡ್ಡದ ಶಾಲೆ, ಐವತ್ತೇಳನೇ ಇಸವಿ,
ಮೇಷ್ಟ್ರು ಸವೊರಾನಿ.
ಎಡಗೈಯಲ್ಲಿ ಬರೆಯುವುದು ಸೈತಾನನ ಕೆಲಸವೆಂದು
ಎಡಗೈಯ ಗೆಣ್ಣಿಗೇ ಗುರಿಯಿಟ್ಟು ಹೊಡೆಯುತ್ತಿದ್ದ.
ಬೆತ್ತ ಗಾಳಿಯಲ್ಲಿ ಸುಂಯ್ ಎಂದರೆ
ಮೊದಲು ಕಿವಿಗೆ ನೋವು, ಆಮೇಲೆ ಕೈಗೆ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರಲ್ಲ,
ನಾನು ಬಗ್ಗಲಿಲ್ಲ, ಬೆರಳು ಬಗ್ಗಿತು.
ಈ ಉಂಗುರದ ಬೆರಳು, ನೋಡು, ಇವತ್ತಿಗೂ ಕೊಕ್ಕೆ.
ನಿನ್ನ ಗಂಟಲಡಿ ತುರಿಸಲಿಕ್ಕೆ
ಇದಕ್ಕಿಂತ ಒಳ್ಳೆಯ ಬೆರಳಿಲ್ಲ, ಹೌದು ತಾನೆ.

ಮೊದಲ ತಿಂಗಳು ನೀನು ಕುಂಟಿದೆ.
ಬೆತ್ತ ತನ್ನ ಬುದ್ಧಿ ಬಿಡಲಿಲ್ಲ ಅಂದುಕೊಂಡೆ.
ಎರಡನೇ ತಿಂಗಳು ಕಾಲುವೆ ಹಾರಿದೆ,
ನನ್ನ ಟೋಪಿ ತಿಂದೆ.
ಐದನೇ ತಿಂಗಳು ನೀವೆಸ್
ಎಕ್ಸ್‌ರೇ ಪರದೆಯ ಮುಂದೆ ನನ್ನನ್ನು ಕೂರಿಸಿ
ಬೆತ್ತ ಎಲ್ಲಿಂದ ಎಲ್ಲಿಯವರೆಗೆ, ತೋರಿಸು ಸೆಕೊಂಡೊ, ಅಂದಳು.
ಕನ್ನಡಕ ಒರೆಸಿಕೊಂಡು ಹುಡುಕಿದೆ.
ಕುರಿ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಯಿತೋ
ನನಗೆ ಸಿಗಲಿಲ್ಲ.
ಅವಳಿಗೂ ಸಿಕ್ಕಿರಲಿಲ್ಲವಂತೆ, ಅದಕ್ಕೇ ಮುಖ ಅರಳಿತ್ತು.

ಆಮೇಲೆ ನನ್ನ ಬೆರಳು ನೋಡಿದಳು.
ಮುಂದೊಂದು ದಿನ ಇದನ್ನೂ ನೆಟ್ಟಗೆ ಮಾಡಬಹುದು, ಅಂದಳು.
ಬೇಡಮ್ಮ, ಅಂದೆ,
ಒಂದೇ ಬೆತ್ತದ ಹತ್ತಿರ ಎರಡು ಸಲ ಪಾಠ ಬೇಡ.

ಕಡತದಲ್ಲಿ ಹದಿನಾಲ್ಕರ ಎದುರು ಗುರುವಾರ ಅಂತ ಬರೆದಿದೆ.
ಮೂಳೆಯನ್ನು ಹೋಳು ಮಾಡಿ ನೋಡದೆ
ಮನುಷ್ಯರ ಕಾಲಿಗೆ ಇಡುವಂತಿಲ್ಲ.
ಇದನ್ನು ನೀವೆಸ್ ನನ್ನ ಮುಖ ನೋಡದೆ ಹೇಳಿದಳು.
ಸರಿಯಾದದ್ದನ್ನೇ ಹೇಳಿದಳು.
ರಾವೆನ್ನಾದ ಕಡೆ ಟ್ರಾಕ್ಟರಡಿ ಸಿಕ್ಕ ಹುಡುಗಿಯೊಬ್ಬಳು
ಕಾಯುತ್ತಿದ್ದಾಳಂತೆ, ಹನ್ನೊಂದು ವರ್ಷ.
ನಾನು ಅವಳನ್ನು ನೋಡಿಲ್ಲ.
ಯಾವ ಕೈಯಲ್ಲಿ ಬರೆಯುತ್ತಾಳೋ.

ಇವತ್ತು ಬುಧವಾರ.
ಬೇಲಿಯಾಚೆ ಕುದುರೆಮೆಂತ್ಯ ಮೊಣಕಾಲೆತ್ತರ ಬಂದಿದೆ,
ನಿನ್ನನ್ನು ಅಲ್ಲಿಗೆ ಬಿಡಬಾರದೆಂದು ನಿಯಮ.
ಗೇಟಿನ ಅಗುಳಿ ಹಳೆಯದು, ಓಕ್ ಮರದ್ದು,
ಬಲಗೈಯವರಿಗೆ ಸತಾಯಿಸುತ್ತದೆ,
ನನ್ನ ಎಡಗೈಗೆ ಬೆಣ್ಣೆಯ ಹಾಗೆ ಜಾರುತ್ತದೆ.

ಹೋಗು.
ಕಾಲುವೆ ಬಂದಾಗ
ಆ ಕಾಲನ್ನೇ ಒತ್ತಿ ಹಾರು.