ಮೂರು ಗುಡ್ಡ

ಅಕ್ಟೋಬರದ ಇಳಿತ. ವಾಹಾಕಾದ ಕಡಲಂಚಿನಲ್ಲಿ
ಮುಂಗೈಗೆ ಹತ್ತಿಯ ಲಡಿ ಸುತ್ತಿಕೊಂಡು
ಬಂಡೆಯಿಂದ ಬಂಡೆಗೆ ದಾಟುತ್ತಾನೆ ಅಜ್ಜ ಎಲೆವುತೇರಿಯೊ:
ಎಪ್ಪತ್ತೊಂದರ ಮಂಡಿ, ಅಲೆಗೆ ಬೆನ್ನು ಕೊಡದ ರೂಢಿ.

ಕಡ್ಡಿಯಲ್ಲಿ ಮೀಟಿ ಶಂಖದ ಹುಳುವನ್ನು ಬಿಡಿಸಿ
ಬಾಯಿಗೆ ಉಫ್ ಎಂದು ಊದಿದರೆ
ಸಿಟ್ಟಿಗೆ ಉಗುಳುತ್ತದೆ
ಹಾಲು.
ನೂಲಿಗೆ ಒತ್ತಿ, ಮತ್ತೆ ಅದೇ ನೆರಳಿಗೆ, ಅದೇ ಒದ್ದೆಗೆ
ಅಂಟಿಸಿ ಬರುತ್ತಾನೆ.
‘ಇನ್ನೊಂದು ತಿಂಗಳು ಮುಟ್ಟುವುದಿಲ್ಲ’ ಅನ್ನುತ್ತಾನೆ,
ನನಗಲ್ಲ, ಹುಳುವಿಗೆ.

ಬಿಳಿ ಹಳದಿಯಾಗಿ, ಹಳದಿ ಹಸಿರಾಗಿ,
ಬಿಸಿಲು ಏರಿದ ಹಾಗೆ ಹಸಿರಿನ ಒಳಗಿಂದ ನೇರಳೆ.
ಜೊತೆಗೆ ಕೊಳೆತ ಬೆಳ್ಳುಳ್ಳಿಯ ನಾತ.
ಅಜ್ಜಿ ಕ್ರಿಸಾಂತಾಳ ಸುತ್ತುಲಂಗ ಇಪ್ಪತ್ತು ವರ್ಷ ಒಗೆದರೂ
ಮೋಡದ ದಿನ ಪೆಟ್ಟಿಗೆ ತೆರೆದರೆ ಮೂಗು ಮುಚ್ಚಬೇಕು.
ಹೆಸರಿಟ್ಟವರಿಗೂ ಮೂಗಿತ್ತು:
ಬ್ರೋಮೀನ್ ಅಂದರೆ ಗ್ರೀಕರ ಮಾತಿನಲ್ಲಿ ದುರ್ನಾತ, ಅಷ್ಟೆ.

ಎದುರುಬದುರು ಎರಡು ಮನೆ, ನಡುವೆ ಇಂಗಾಲದ ಜೋಡಿಸೇತುವೆ,
ಆ ಹಿತ್ತಿಲಿಗೊಂದು ಈ ಹಿತ್ತಿಲಿಗೊಂದು
ಕಟ್ಟಿಹಾಕಿದ ಬ್ರೋಮೀನು.
ಎರಡನ್ನೂ ಬಿಚ್ಚಿಬಿಟ್ಟರೆ
ಉಳಿಯುವುದು ಹೊಲದಲ್ಲಿ ಬೆಳೆಯುವ ಬರೀ ನೀಲಿ.

ನಾನು ನಗರದಲ್ಲಿ ಬಾಣಂತಿಯರ ಹಾಲು ಪರೀಕ್ಷಿಸುವವಳು.
ಸೋಫಾದ ಸ್ಪಂಜಿಗೆ, ಹೋಟೆಲಿನ ಪರದೆಗೆ, ಟೀವಿಯ ಬೆನ್ನಿಗೆ
ಬೆಂಕಿ ಹತ್ತದಿರಲೆಂದು ಬೆರೆಸಿದ್ದು
ಧೂಳಾಗಿ ಉದುರಿ, ಮೀನಿನ ಜೊತೆ ಈಜಿ
ಕೊಬ್ಬಿನಲ್ಲಿ ಬಿಡಾರ ಹೂಡಿದೆ.
ನೀರಿಗೆ ಕರಗದು, ಬೇಗ ಕೊಳೆಯದು, ಒಕ್ಕಲೆಬ್ಬಿಸಲು ಆಗದು.
(ಬೆಂಕಿಯಿಂದ ಉಳಿದವರೂ ಇದ್ದಾರೆ, ಅದನ್ನೂ ಬರೆಯಬೇಕು.
ತಮ್ಮನ ಹೊಟ್ಟೆ ಕೊಯ್ದ ದಿನ
ಅವನಿಗೆ ನಿದ್ದೆ ತಂದ ಆವಿಯಲ್ಲಿ ಫ್ಲೋರಿನ್ ಇತ್ತು.
ಎದ್ದವನೇ ಮಾವಿನಹಣ್ಣು ಕೇಳಿದ.)

ಕಳೆದ ವಾರ ಅಜ್ಜನ ನೂಲಿನ ಒಂದೆಳೆ ಯಂತ್ರಕ್ಕೆ ಉಣಿಸಿದೆ.
ತೆರೆಯ ಮೇಲೆ ಎದ್ದವು ಮೂರು ಗುಡ್ಡ,
ನಡುವಿನದು ಪಕ್ಕದವಕ್ಕಿಂತ ಇಮ್ಮಡಿ.
ಎರಡು ಬ್ರೋಮೀನು ಸೇರಿ ಹಾಕುವ ಸಹಿ ಅದು.
ಹಾಲಿನಲ್ಲಿ ಐದು ಗುಡ್ಡ ಕಂಡಿದ್ದೇನೆ, ಒಮ್ಮೊಮ್ಮೆ ಏಳು.

ಕಾಗದ ತಂದು ತೋರಿಸಿದೆ. ಬೆರಳಾಡಿಸಿದ.
‘ನಮ್ಮ ಬೆಟ್ಟ ಹೀಗಿಲ್ಲ.’
ಆಮೇಲೆ, ‘ಆ ಎಳೆ?’
‘ಮುಗಿಯಿತು, ಅಜ್ಜ. ಯಂತ್ರ ತಿಂದಿತು.’
ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಸುಮ್ಮನಿದ್ದ.
‘ತೆಗೆದದ್ದನ್ನು ಹಿಂದಕ್ಕೆ ಇಡುವುದು
ನಿಮ್ಮಲ್ಲಿ ಇಲ್ಲವೇ?’

ಲಡಿ ಸರಿಪಡಿಸಿಕೊಂಡು ಮುಂದಿನ ಬಂಡೆಗೆ ಹೋದ.
ಕಾಗದದ ಅಂಚಿಗೆ ಅವನ ಹೆಬ್ಬೆರಳು ಅಂಟಿತ್ತು,
ಹಸಿರಾಗಿ.
ಮಡಚಿ ಚೀಲದೊಳಗಿಟ್ಟೆ. ಅಲ್ಲಿ ಕತ್ತಲು.
ಇನ್ನೂ ಹಸಿರೇ ಇರಬಹುದು.